ತಾಳಕ್ಕೆ ಯಾವ ಕಂಪನಿ?

ಅಲ್ಲ ಅಕ್ಕಾ, ಮಗಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹೆಸರು ಕೇಳದ ಕಂಪನಿ ಅಂದ ಕೂಡಲೇ ನಿಮಗೆ ದಿಗಿಲಾಯಿತು, ಅದೂ ಸಹಜವೇ. ಬನ್ನಿ, ಈಚೆ ಪೇರಳೆ ಮರದ ನೆರಳಿಗೆ ಬನ್ನಿ. ಡೊಂಬಿವಲಿಯಲ್ಲಿ ನಮ್ಮ ಈ ಎಂಐಡಿಸಿ ಕಡೆ ಮಾತ್ರ ಮೊಣಕೈ ಊರಿ ಮಾತಾಡುವಂಥ ಗೋಡೆ ಉಳಿದಿರುವುದು. ಸ್ಟೇಷನ್ ಹತ್ತಿರ ಆಗಿದ್ದರೆ ಇಷ್ಟೂ ಮಾತನ್ನು ಲಿಫ್ಟು ಮೇಲೆ ಹೋಗುವುದರೊಳಗೆ ಮುಗಿಸಬೇಕಿತ್ತು.

"ನೀವು ಆರ್ಕೆಸ್ಟ್ರಾದಾಗ ಡ್ರಮ್ ಬಾರಿಸಿದವ್ರು, ನಿಮಗ ಗೊತ್ತಿರತೈತಿ ಅಂತ ಕೇಳಾಕತ್ತೀನ್ರಿ ಅಣ್ಣಾರ. ಡ್ರಮ್ ಬಂದಾವು, ತಾಳ ಬಂದಿಲ್ಲ. ಅಕಿ ಅಂತಾಳ, ತುರ್ಕಿದ್ದೋ ಚೀನಾದ್ದೋ ಯಾವುದೋ ಕಂಪನೀದು ಚೊಲೋ ಅದಾವು, ಸೋವಿ ಅದಾವು. ಅವರಪ್ಪ ಅಂತಾರ, ತಗೊಂಡ್ರ ಹೆಸರಿದ್ದದ್ದ ತಗೊಳ್ಳೂಣು, ಇಲ್ಲಾಂದ್ರ ಬ್ಯಾಡ. ಇಬ್ಬರ ನಡುವ ನಾ ಸಿಕ್ಕೀನಿ."

ತಾಳ, ಅಂದರೆ ಸಿಂಬಲ್, ಇಲ್ಲದೆ ಡ್ರಮ್ ಮಾತ್ರ ಬಂತು ಅಂತ ಬೇಸರ ಬೇಡ. ಹಾಗೆ ಬೇರೆಬೇರೆ ಕೊಳ್ಳುವುದೇ ಒಳ್ಳೆಯದು. ಡ್ರಮ್ಮಿನ ಮೇಲಿನ ಹೊದಿಕೆ ಇದೆಯಲ್ಲ, ಸ್ಕಿನ್ ಅನ್ನುತ್ತೇವೆ, ಅದು ಹಳತಾದರೆ ಬಿಚ್ಚಿ ಹೊಸದು ಹಾಕಬಹುದು. ಕೀ ತಿರುಗಿಸಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಸಾಧಾರಣ ಡ್ರಮ್ಮಿನಿಂದಲೂ ಕೈ ಪಳಗಿದವರು ಒಳ್ಳೆಯ ನಾದ ತೆಗೆಯುತ್ತಾರೆ. ತಾಳಕ್ಕೆ ಆ ಉಪಾಯ ಇಲ್ಲ ನೋಡಿ. ಅದಕ್ಕೆ ಬಿಗಿ ಮಾಡುವ ಕಟ್ಟೂ ಇಲ್ಲ, ಬದಲಾಯಿಸುವ ಚರ್ಮವೂ ಇಲ್ಲ. ಅಂಗಡಿಯಲ್ಲಿ ಯಾವ ನಾದ ಇತ್ತೋ ಅದೇ ನಾದ ಮನೆಗೆ ಬರುತ್ತದೆ, ಒಡೆಯುವ ತನಕ ಅದೇ ನಾದ. ಹಾಗಾಗಿ ನಿಮ್ಮ ಇಡೀ ಕಿಟ್ಟಿನಲ್ಲಿ ಯೋಚನೆ ಮಾಡಿ ತರಬೇಕಾದ ವಸ್ತು ಇದೊಂದೇ. ಆ ಯೋಚನೆಯನ್ನು ಹೆಸರಿನ ಮೇಲೆ ಖರ್ಚು ಮಾಡಬೇಡಿ, ನಾದದ ಮೇಲೆ ಮಾಡಿ. ನಾನು ಹೇಳುವುದಿಷ್ಟೆ.

ಯಜಮಾನರು ಹೇಳುವ ಹೆಸರು ಜಿಲ್ಜಿಯನ್ ತಾನೆ? ದೊಡ್ಡ ಮನೆತನ, ಅನುಮಾನ ಇಲ್ಲ. 1623ರಲ್ಲಿ ಅವೆಡಿಸ್ ಎಂಬ ಆರ್ಮೇನಿಯನ್ ಲೋಹಗಾರ ಇಸ್ತಾಂಬುಲಿನಲ್ಲಿ ಶುರು ಮಾಡಿದ್ದು. ತುರ್ಕಿ ಸುಲ್ತಾನರ ಸೈನ್ಯದ ವಾದ್ಯಮೇಳಕ್ಕೆ ಆಗ ತಾಳ ಬೇಕಿತ್ತು. ತಾಮ್ರಕ್ಕೆ ತವರ ಬೆರೆಸುವ ಗುಟ್ಟು ಆ ಮನೆಯಲ್ಲೇ ತಲೆಯಿಂದ ತಲೆಗೆ ಬಂತು. 1929ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕಾರ್ಖಾನೆ ಎದ್ದಿತು. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ರಾಬರ್ಟ್ ಜಿಲ್ಜಿಯನ್ 1981ರಲ್ಲಿ ಕೆನಡಾದಲ್ಲಿ ಸ್ವಂತ ಕಂಪನಿ ತೆರೆದು, ಮೂವರು ಮಕ್ಕಳ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಸೇಬಿಯನ್ ಅಂತ ಇಟ್ಟರು. ಇವತ್ತು ಸೇಬಿಯನ್ ಅಂದರೆ ಎಲ್ಲ ಡ್ರಮ್ಮರಿಗೂ ಗೊತ್ತು. 1981ರಲ್ಲಿ ಅಂಗಡಿಗೆ ಹೋಗಿದ್ದರೆ ಅದೂ ಯಾರೂ ಕೇಳದ ಹೆಸರೇ ಅಲ್ವಾ? ಆದರೆ ಕೈ ಅದೇ ಹಳೆಯ ಮನೆಯ ಕೈ.

ಇಸ್ತಾಂಬುಲಿನ ಕಥೆ ಇನ್ನೂ ಚೆಂದ. ಕುಟುಂಬದ ಹಳೆಯ ಕಾರ್ಖಾನೆ ಅಲ್ಲಿ 1970ರ ದಶಕದ ಕೊನೆಗೆ ಮುಚ್ಚಿಹೋಯಿತು. ಅಲ್ಲಿ ಸುತ್ತಿಗೆ ಹಿಡಿದು ಬೆಳೆದ ಇಬ್ಬರು, ಆಗೋಪ್ ಮತ್ತು ಮೆಹ್ಮೆತ್, ಕಲಿತ ಕೆಲಸ ಬಿಡಲಾರದೆ ತಾವೇ ಕುಲುಮೆ ಹಾಕಿ ಇಸ್ತಾಂಬುಲ್ ಅನ್ನುವ ಹೆಸರಿನಲ್ಲೇ ತಾಳ ಮಾಡತೊಡಗಿದರು. 1996ರಲ್ಲಿ ಆಗೋಪ್ ತೀರಿಕೊಂಡ ಮೇಲೆ ಅದೂ ಎರಡಾಯಿತು. ಇಸ್ತಾಂಬುಲ್ ಆಗೋಪ್, ಇಸ್ತಾಂಬುಲ್ ಮೆಹ್ಮೆತ್ ಅಂತ ಈಗಲೂ ಎರಡೂ ಸಿಗುತ್ತವೆ. ಅಲ್ಲಿಂದ ಹೊರಬಂದ ಕೆಲಸಗಾರರು ಬಾಸ್ಫರಸ್ ಕಟ್ಟಿದರು. ಹೀಗೆ ಕವಲು ಒಡೆಯುತ್ತಾ ಹೋಗಿ ತುರ್ಕಿಯಲ್ಲಿ ಇವತ್ತು ಸಣ್ಣ ಸಣ್ಣ ಹೆಸರುಗಳು ಬಹಳ ಉಂಟು. ಇಟಲಿಯ ಪಿಸ್ತೋಯಾ ಊರಿನಲ್ಲಿ ಯುಫಿಪ್ ಅಂತ ಒಂದು, 1931ರಿಂದ ನಡೆಯುತ್ತಿದೆ. ಅಚ್ಚನ್ನೇ ತಿರುಗಿಸುತ್ತಾ ಲೋಹ ಎರೆದು ತಾಳ ಮಾಡುವ ಕ್ರಮ ಅವರದು. ನಮ್ಮ ಕಡೆ ಎಷ್ಟು ಜನರಿಗೆ ಆ ಹೆಸರು ಗೊತ್ತು? ಚೀನಾದಲ್ಲಂತೂ ಜಾಗಟೆ, ತಾಳ ತಟ್ಟುವ ಕಸುಬು ಶತಮಾನಗಳದು. ವುಹಾನಿನವರ ಅಂಚು ಮೇಲಕ್ಕೆ ಮಡಚಿದ ತಾಳವನ್ನು ಪ್ರಪಂಚದ ಡ್ರಮ್ಮರುಗಳೆಲ್ಲ 'ಚೈನಾ' ಅಂತಲೇ ಕರೆದು ಬಾರಿಸುತ್ತಾರೆ. ಇಂಥವರಲ್ಲಿ ಯಾರೋ ಒಬ್ಬರು ಪತ್ರಿಕೆಗೆ ಜಾಹೀರಾತು ಕೊಡಲಿಲ್ಲ, ದೊಡ್ಡ ಡ್ರಮ್ಮರಿಗೆ ಕರಾರು ಬರೆಸಲಿಲ್ಲ ಅಂದ ಮಾತ್ರಕ್ಕೆ ಅವರ ಸುತ್ತಿಗೆ ಸುಳ್ಳಾಗುತ್ತದೆಯೇ?

"ಅದೆಲ್ಲ ಖರೇ ಅಣ್ಣಾರ. ಆದ್ರ ಹೆಸರಿದ್ದ ಕಂಪನೀದೂ ಸೋವಿ ಸೆಟ್ಟ ಸಿಗತಾವಲ್ರಿ. ಅದನ್ನ ತಗೊಂಡ್ರ ಇಬ್ರ ಮಾತೂ ಉಳೀತೈತಿ."

ಅಲ್ಲಿಯೇ ಇರುವುದು ಸೂಕ್ಷ್ಮ. ದೊಡ್ಡ ಕಂಪನಿಗಳು ಕಲಿಯುವ ಮಕ್ಕಳಿಗೆಂದು ಮಾಡುವ ಅಗ್ಗದ ಸೆಟ್ಟು ಹೆಚ್ಚಾಗಿ ಹಿತ್ತಾಳೆಯದು. ತಾಮ್ರಕ್ಕೆ ಸತು ಬೆರೆಸಿದ್ದು. ಅದರ ಮೇಲಿನದು ಶೇಕಡಾ 92 ತಾಮ್ರ, 8 ತವರದ ಕಂಚು. ಅದನ್ನು ಬಿ-8 ಅನ್ನುತ್ತಾರೆ, ಹಾಳೆಯಾಗಿ ಬಂದದ್ದನ್ನು ದುಂಡಗೆ ಕತ್ತರಿಸಿ ಮಾಡುವುದು. ಇನ್ನು ಹಳೆಯ ತುರ್ಕಿ ಪಾಕ ಅಂದರೆ 80 ತಾಮ್ರ, 20 ತವರ, ಅದು ಬಿ-20. ತವರ ಹೆಚ್ಚಾದಷ್ಟೂ ಲೋಹ ಗಡುಸು, ನಾದ ನಿಂತು ಹರಡುತ್ತದೆ. ಹಿತ್ತಾಳೆ ಮೆತ್ತಗಿನದು, ಹೊಡೆದ ಪೆಟ್ಟನ್ನು ತಾನೇ ನುಂಗುತ್ತದೆ, ಖಣ್ ಅಂದು ಸುಮ್ಮನಾಗುತ್ತದೆ. ಮಗು ಎರಡು ತಿಂಗಳು ಬಾರಿಸಿ ಬಿಡುವುದಾದರೆ ಹಿತ್ತಾಳೆ ಧಾರಾಳ ಸಾಕು. ನಿಮ್ಮ ಮಗಳು ಹಾಗೆ ಬಿಡುವವಳಲ್ಲ. ಸಂಜೆ ಹೊತ್ತು ಅವಳು ದಿಂಬಿನ ಮೇಲೆ ಬಡಿಯುವುದು ನನಗೆ ಕೇಳುತ್ತದೆ. ಬಡಿತದ ನಡುವಿನ ಜಾಗವನ್ನು ಅವಳು ಓಡಿಸುವುದಿಲ್ಲ. ಆ ಕೈಗೆ ಕಂಚು ಕೊಡಿ. ಹೆಸರಾಂತ ಕಂಪನಿಯ ಒಂದೇ ಒಂದು ಒಳ್ಳೆಯ ರೈಡಿಗೆ, ಅಂದರೆ ಲಯ ನಡೆಸುವ ದೊಡ್ಡ ತಾಳಕ್ಕೆ, ಕೊಡುವ ದುಡ್ಡಿನಲ್ಲಿ, ಹೆಸರಿಲ್ಲದವರ ಬಿ-20 ಕಂಚಿನ ಪೂರ್ತಿ ಸೆಟ್ಟು ಬರುವುದುಂಟು. ನಿಮ್ಮ ಮಗಳ ಲೆಕ್ಕ ಇದೇ ಇರಬೇಕು.

"ಹಂಗಾರ ಬಿ-20 ಅಂತ ಬರದಿದ್ರ ಕಣ್ಣ ಮುಚ್ಚಿ ತಗೋಬಹುದಲ್ರಿ?"

ಇಲ್ಲ, ಇಲ್ಲ. ಹೆಸರಿಗೆ ಮರುಳಾಗುವುದು ಬಿಟ್ಟು ಅಂಕಿಗೆ ಮರುಳಾದರೆ ಏನು ಸಿಕ್ಕಿದ ಹಾಗಾಯಿತು? ಸ್ವಿಟ್ಜರ್ಲೆಂಡಿನ ಪೈಸ್ಟೆಯವರು 1971ರಲ್ಲಿ 2002 ಅಂತ ಒಂದು ಸಾಲು ತಂದರು. ಅದು ಬಿ-8 ಕಂಚೇ, 8 ಪಾಲು ತವರ. ಲೆಡ್ ಜೆಪ್ಪೆಲಿನ್‌ನ ಜಾನ್ ಬೊನ್ಹಾಮ್ ಬಾರಿಸಿದ್ದು ಅದನ್ನೇ. ಇವತ್ತಿಗೂ ರಾಕ್ ಬಾರಿಸುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಪಾಕ ಅರ್ಧ, ಅಡುಗೆ ಇನ್ನರ್ಧ. ಯಾರು ತಟ್ಟಿದರು, ಎಷ್ಟು ತೆಳ್ಳಗೆ ಮಾಡಿದರು, ಲೇತಿನಲ್ಲಿ ಹೇಗೆ ಹೆರೆದರು, ಅದರಲ್ಲಿ ಉಳಿದ ಸ್ವಭಾವ ಇದೆ. ಯಂತ್ರದ ಸುತ್ತಿಗೆ ಒಂದೇ ಲೆಕ್ಕದಲ್ಲಿ ಬೀಳುತ್ತದೆ, ನಾದ ಶುದ್ಧ, ಒಂದರಂತೆ ಇನ್ನೊಂದು. ಕೈಸುತ್ತಿಗೆ ಹೆಚ್ಚು ಕಡಿಮೆ ಬೀಳುತ್ತದೆ. ಹಾಗಾಗಿ ಒಂದೇ ಪೆಟ್ಟಿನೊಳಗೆ ಹಲವು ಸ್ವರ ಏಳುತ್ತವೆ. ಕೆಲವರಿಗೆ ಅದು ಗದ್ದಲ, ಜಾಜ್ ಬಾರಿಸುವವರಿಗೆ ಅದೇ ಅಮೃತ.

ಈ ಎಲ್ಲ ವಿದ್ಯೆ ನಮಗೆ ಹೊಸದಂತೂ ಅಲ್ಲ. ತವರ ಜಾಸ್ತಿ ಇರುವ ಕಂಚು ತಣ್ಣಗಿದ್ದಾಗ ತಟ್ಟಿದರೆ ಗಾಜಿನಂತೆ ಚೂರಾಗುತ್ತದೆ. ಕೆಂಪಗೆ ಕಾಯಿಸಿ ತಟ್ಟಬೇಕು, ಕೊನೆಗೆ ಕೆಂಪಗಿರುವಾಗಲೇ ನೀರಿಗೆ ಅದ್ದಬೇಕು. ಉಕ್ಕನ್ನು ಹಾಗೆ ಅದ್ದಿದರೆ ಗಡುಸಾಗುತ್ತದೆ, ಈ ಕಂಚು ಮಾತ್ರ ಅದ್ದಿದರೆ ಮಣಿಯುತ್ತದೆ. ಒಳಗೆ ಬಿರುಕು ಹುಟ್ಟಿಸುವ ಅಂಶಕ್ಕೆ ಬೆಳೆಯಲು ಸಮಯವೇ ಸಿಗುವುದಿಲ್ಲ. ದಕ್ಷಿಣದ ಕಂಚುಗಾರರಿಗೆ ಇದು ಬಹಳ ಹಿಂದಿನಿಂದ ಗೊತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ಕೇರಳ, ತಮಿಳುನಾಡಿನ ಇಂಥ ಹೆಚ್ಚು ತವರದ ಕಂಚಿನ ಬಟ್ಟಲು, ತಾಳಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವುಗಳಲ್ಲಿ ತವರ ಶೇಕಡಾ 22, 23ರ ಹತ್ತಿರ. ಇಸ್ತಾಂಬುಲಿನ ಪಾಕಕ್ಕೂ ನಮ್ಮ ಪಾಕಕ್ಕೂ ಎಷ್ಟು ಹತ್ತಿರದ ಸಂಬಂಧ ನೋಡಿ. ನನಗೆ ಇದನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ.

ನಾನು ಹುಡುಗನಾಗಿದ್ದಾಗ ಊರಿನ ಯಕ್ಷಗಾನದ ಆಟಗಳಲ್ಲಿ ಚಕ್ರತಾಳ ಬಾರಿಸುತ್ತಿದ್ದೆ. ತೆಂಕುತಿಟ್ಟಿನಲ್ಲಿ ಚೆಂಡೆಯ ಜೊತೆಗೆ ಬರುವ ದೊಡ್ಡ ತಾಳ ಅದು. ಕಲಿಯುವ ಹುಡುಗರ ಕೈಗೇ ಮೊದಲು ಅದನ್ನು ಕೊಡುತ್ತಾರೆ. ರಾಕ್ಷಸನ ಒಡ್ಡೋಲಗ, ಯುದ್ಧ, ಅಲ್ಲಿ ಚಕ್ರತಾಳ ಬಿದ್ದರೇ ಕಳೆ. ಅದಕ್ಕೆ ಯಾವ ಕಂಪನಿ ಅಂತ ಯಾರೂ ಕೇಳಲಿಲ್ಲ, ಅದರ ಮೇಲೆ ಯಾವ ಮುದ್ರೆಯೂ ಇರಲಿಲ್ಲ. ಭಾಗವತರ ತಾಳವೂ ಹಾಗೇ. ಅವರ ಕಂಠದ ಶ್ರುತಿಗೆ ಕೂಡುವ ತಾಳ ಬೇಕು. ಅದಕ್ಕೆಂದೇ ಒಂದಕ್ಕಿಂತ ಹೆಚ್ಚು ಜೊತೆ ಚೀಲದಲ್ಲಿ ಇಟ್ಟುಕೊಳ್ಳುವ ಭಾಗವತರುಂಟು. ಮಳೆಗೆ ಮೊದಲು ಪತ್ತನಾಜೆಯ ದಿನ ತಿರುಗಾಟ ಮುಗಿಸಿದ ಕಲಾವಿದರು ಮಳೆಗಾಲದಲ್ಲಿ ಮುಂಬಯಿ ಕಡೆ ಬರುತ್ತಾರಲ್ಲ, ಈ ಸಲ ಬಂದಾಗ ಮಗಳನ್ನು ಕರೆದುಕೊಂಡು ಹೋಗೋಣ. ಹಿಮ್ಮೇಳದ ಹತ್ತಿರ ಕೂರಿಸಿ. ಎರಡು ತಾಳದ ಅಂಚು ಹೇಗೆ ತಾಗುತ್ತದೆ, ಎಷ್ಟು ಹೊತ್ತಿಗೆ ಕೈ ಹಿಡಿದು ನಾದ ನಿಲ್ಲಿಸುತ್ತಾರೆ, ನೋಡಲಿ. ಹೈ-ಹ್ಯಾಟ್ ಅನ್ನುವ ಜೋಡಿ ತಾಳ ಬಾರಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಎಲ್ಲೂ ಸಿಗುವುದಿಲ್ಲ.

"ನಮ್ಮ ಕಡೆ ಕರಡಿ ಮಜಲಿನಾಗೂ ತಾಳ ಅದಾವಲ್ರಿ. ನಮ್ಮಜ್ಜ ಭಜನಿ ತಾಳ ತರಾಕ ಹ್ವಾದ್ರ, ಸಂತ್ಯಾಗ ಗಡಿಗಿ ಬಡದ ನೋಡಿದ್ಹಂಗ ಒಂದೊಂದ ಎತ್ತಿ, ಕಿವಿ ಹಂತ್ಯಾಕ ಹಿಡದ, ಬಡದ ನೋಡಿ ತರತಿದ್ದ."

ಅದೇ ಮಾತು ಅಕ್ಕಾ! ಅಜ್ಜ ಮಾಡಿದ್ದನ್ನು ಮೊಮ್ಮಗಳು ಮಾಡಲಿ. ಯಜಮಾನರಿಗೆ ಅಜ್ಜನ ಈ ಕಥೆ ಹೇಳಿ, ಒಪ್ಪಿಯೇ ಒಪ್ಪುತ್ತಾರೆ.

ಈಗ ಬಡಿದು ನೋಡುವ ಕ್ರಮ ಹೇಳುತ್ತೇನೆ, ಮಗಳಿಗೆ ಹೇಳಿ, ಇಲ್ಲ ಅವಳನ್ನೇ ಕಳಿಸಿ. ಅಂಗಡಿಯ ಕೋಲು ಮುಟ್ಟಬಾರದು, ತನ್ನದೇ ಕೋಲು ಒಯ್ಯಬೇಕು. ಕೋಲಿನ ತುದಿ ಮರದ್ದೋ ನೈಲಾನಿನದೋ ಅನ್ನುವುದರ ಮೇಲೇ ರೈಡಿನ ದನಿ ಬದಲಾಗುತ್ತದೆ. ತಾಳವನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ತಟ್ಟಿದರೆ ಏನೂ ತಿಳಿಯುವುದಿಲ್ಲ; ಸ್ಟ್ಯಾಂಡಿಗೆ ಹಾಕಿಸಬೇಕು, ಮೇಲಿನ ನಟ್ಟು ಸಡಿಲ ಇರಬೇಕು, ತಾಳ ತೂಗಾಡಬೇಕು. ಮೊದಲು ಮೆಲ್ಲಗೆ. ಮೆಲ್ಲಗೆ ಬಾರಿಸಿದಾಗ ಬಾಯಿ ಬಿಡದ ತಾಳ ಜೋರಾಗಿ ಬಾರಿಸಿದಾಗ ಕಿರುಚುತ್ತದೆ ಅಷ್ಟೆ. ರೈಡ್ ಆದರೆ ಒಂದೇ ಸಮನೆ ಸ್ವಲ್ಪ ಹೊತ್ತು ನಡೆಸಿ ನೋಡಲಿ. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆಯೇ, ಇಲ್ಲ ಹಿಂದಿನ ಪೆಟ್ಟಿನ ಮೊರೆತ ಏರಿ ಮುಂದಿನದನ್ನು ಮುಳುಗಿಸುತ್ತದೆಯೇ? ನಡುವಿನ ಗುಬ್ಬಿ ಇದೆಯಲ್ಲ, ಬೆಲ್ ಅನ್ನುತ್ತಾರೆ, ಅದನ್ನು ಕೋಲಿನ ಭುಜದಿಂದ ಹೊಡೆದಾಗ ಗಂಟೆಯಂತೆ ಬೇರೆಯಾಗಿ ಕೇಳಬೇಕು. ಕ್ರ್ಯಾಶ್, ಅಂದರೆ ಒತ್ತು ಕೊಡಲು ಹೊಡೆಯುವ ತಾಳ, ಆದರೆ ಅಂಚಿಗೆ ಓರೆಯಾಗಿ ಒಂದು ಪೆಟ್ಟು: ಕೂಡಲೇ ಅರಳಬೇಕು, ಬೇಗ ಇಳಿಯಬೇಕು. ಅರಳಲು ತಡ ಮಾಡುವ ಕ್ರ್ಯಾಶ್ ಯಾವತ್ತೂ ಹಾಡಿನ ಹಿಂದೆಯೇ ಓಡುತ್ತದೆ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು. ಬಾರಿಸುವವಳು ಅವಳು, ಕೇಳುವವರು ನೀವು. ಅಂಗಡಿಯ ಆಚೆ ತುದಿಗೆ ಹೋಗಿ ನಿಂತುಕೊಳ್ಳಿ. ತಾಳದ ಹತ್ತಿರ ಕೂತವರಿಗೆ ಕೇಳುವ ನಾದವೇ ಬೇರೆ, ಇಪ್ಪತ್ತು ಅಡಿ ಆಚೆ ಕೇಳುವುದೇ ಬೇರೆ. ಹತ್ತಿರ ಒರಟು ಅನ್ನಿಸಿದ್ದು ದೂರದಲ್ಲಿ ಹದವಾಗಿ ಬರುತ್ತದೆ. ಹತ್ತಿರ ನಯವಾಗಿದ್ದದ್ದು ಗಿಟಾರು, ಕೀಬೋರ್ಡಿನ ನಡುವೆ ಕಳೆದೇ ಹೋಗುತ್ತದೆ. ಸಂಗೀತ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಜಾತ್ರೆಯ ಕರಡಿ ಮಜಲು ಕೇಳಿ ಬೆಳೆದ ಕಿವಿ ನಿಮ್ಮದು.

ಅಡುಗೆಮನೆಯ ತೂಕದ ಯಂತ್ರ ಉಂಟಲ್ಲ, ಅದನ್ನೂ ಚೀಲದಲ್ಲಿ ಹಾಕಿಕೊಳ್ಳಿ. ನಗಬೇಡಿ. ಹೆಸರಿಲ್ಲದ ಕಂಪನಿಯವರು 'ಮೀಡಿಯಂ', 'ಥಿನ್' ಅಂತ ಬರೆದದ್ದನ್ನು ನೆಚ್ಚಬೇಕಾಗಿಲ್ಲ, ಗ್ರಾಂ ಸುಳ್ಳು ಹೇಳುವುದಿಲ್ಲ. 20 ಇಂಚಿನ ರೈಡ್ 1,800 ಗ್ರಾಂ ಹತ್ತಿರ ಇದ್ದರೆ ತೆಳ್ಳಗಿನದು, 2,500 ದಾಟಿದರೆ ಭಾರದ್ದು. 16 ಇಂಚಿನ ಕ್ರ್ಯಾಶ್ ಸಾವಿರ ಗ್ರಾಂ ಆಚೀಚೆ. ಅಗಲ ಒಂದೇ ಇದ್ದಾಗ ತೆಳ್ಳಗಿನದು ತಗ್ಗು ಸ್ವರದ್ದು, ಬೇಗ ಅರಳುತ್ತದೆ. ದಪ್ಪದ್ದು ಏರು ಸ್ವರ, ಜೋರು, ಗಟ್ಟಿಮುಟ್ಟು. ಕೆಲವು ಸಣ್ಣ ಕುಲುಮೆಯವರು ಗುಬ್ಬಿಯ ಒಳಗೆ ಶಾಯಿಯಲ್ಲಿ ತೂಕ ಬರೆದೇ ಕಳಿಸುತ್ತಾರೆ. ಅಂಥವರನ್ನು ಕಂಡರೆ ನನಗೆ ಗೌರವ.

"ಭಾರದ್ದ ತಗೊಂಡ್ರ ಬಾಳಿಕಿ ಬರತೈತಿ ಅಲ್ರಿ?"

ಬಾಳಿಕೆ ಬರುತ್ತದೆ, ಆದರೆ ಎಲ್ಲಿ ಬಾರಿಸುತ್ತಾಳೆ ಅನ್ನುವುದನ್ನು ನೋಡಬೇಕಲ್ಲ. ಇಲ್ಲಿ ಕಲ್ಯಾಣದ ಹಳ್ಳಿಗಳಲ್ಲಿ, ನವಿ ಮುಂಬಯಿಯ ಆಗ್ರಿ-ಕೋಳಿ ಊರುಗಳಲ್ಲಿ ಮದುವೆಯ ಹಳದಿ ರಾತ್ರಿ ನೋಡಿದ್ದೀರಲ್ಲ, ಬೆಂಜೋ ಪಾರ್ಟಿ ಬರುತ್ತದೆ. ಕೀಬೋರ್ಡು, ತಾಶೆ, ಆಕ್ಟೋಪ್ಯಾಡು, ಎದುರಿಗೆ ಆಳೆತ್ತರದ ಸ್ಪೀಕರು, ಮೇಲೆ ಬಯಲು. ಅಲ್ಲಿ ತೆಳ್ಳಗಿನ ಕ್ರ್ಯಾಶ್ ಹಾಕಿದರೆ ಹೊಡೆದದ್ದು ಹೊಡೆದವನಿಗೇ ಕೇಳುವುದಿಲ್ಲ, ಸಿಟ್ಟಿನಲ್ಲಿ ಇನ್ನೂ ಜೋರಾಗಿ ಹೊಡೆದು ಅಂಚು ಸೀಳುತ್ತದೆ. ಅಲ್ಲಿಗೆ ಭಾರದ್ದೇ ಸರಿ, ಹೊಳಪಿನ ನಾದವೇ ಸರಿ. ಆ ಹುಡುಗರ ಕೈ ಏನು ಕೈ ಅಂತೀರಿ! ರಾತ್ರಿ ಇಡೀ ಲಯ ಜಾರದೆ ನಡೆಸುತ್ತಾರೆ. ಅವರಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ ಅನ್ನುವುದು ನನ್ನ ದುಃಖ. ನಿಮ್ಮ ಮಗಳು ಬಾರಿಸುವುದು ಕಾಲೇಜಿನ ಬ್ಯಾಂಡಿನಲ್ಲಿ. ಅದು ನಾಟ್ಯಗೃಹದ ಕೆಲಸ. ಇಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ಠಾಣೆಯಲ್ಲಿ ಗಡ್ಕರಿ ರಂಗಾಯತನ, ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ. ನಾಲ್ಕೂ ನಾಟಕದವರ ಮಾತು ಕೊನೆಯ ಸಾಲಿಗೆ ಮುಟ್ಟಲಿ ಅಂತ ಕಟ್ಟಿದ ಮನೆಗಳು. ಅಲ್ಲಿ ಭಾರದ ತಾಳ ಬಿದ್ದರೆ ಹಾಡುವವರ ದನಿ ಸತ್ತಿತು. ಮಧ್ಯಮಕ್ಕಿಂತ ಸ್ವಲ್ಪ ತೆಳ್ಳಗೆ, ಕೊಂಚ ಮಬ್ಬು ನಾದದ್ದು ನೋಡಿ.

ವಾಶಿಯ ಆ ಮನೆಗೆ ಭಾವೆಯವರ ಹೆಸರಿಟ್ಟದ್ದಕ್ಕೆ ನಮಗೆ ಒಂದು ಖುಷಿ ಉಂಟು, ಗೊತ್ತಾ? 1843ರಲ್ಲಿ ಸಾಂಗ್ಲಿಯಲ್ಲಿ ಅವರು ಆಡಿಸಿದ 'ಸೀತಾ ಸ್ವಯಂವರ'ವನ್ನು ಮರಾಠಿ ರಂಗಭೂಮಿಯ ಮೊದಲ ನಾಟಕ ಅನ್ನುತ್ತಾರೆ. ಅದಕ್ಕೆ ಸ್ವಲ್ಪ ಮೊದಲು ಉತ್ತರ ಕನ್ನಡದ ಕಡೆಯಿಂದ ಭಾಗವತರ ಮೇಳ ಒಂದು ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಅಲ್ಲಿನ ಅರಸರು, ಇಂಥದ್ದು ನಮ್ಮ ಭಾಷೆಯಲ್ಲೂ ಆಗಲಿ ಅಂತ ಭಾವೆಯವರಿಗೆ ಹೇಳಿದ್ದು. ನಮ್ಮ ಭಾಗವತರ ತಾಳ ಸಾಂಗ್ಲಿಯಲ್ಲಿ ಮೊಳಗಿತು, ಅಲ್ಲಿಂದ ಒಂದು ರಂಗಭೂಮಿ ಎದ್ದಿತು. ನಿಮ್ಮ ವಿಜಯಪುರದ ಹುಡುಗಿ ಆ ಹೆಸರಿನ ವೇದಿಕೆಯಲ್ಲಿ ಕೂತು ತಾಳ ಬಾರಿಸಿದರೆ ನಾನು ಮೊದಲನೇ ಸಾಲಿನಲ್ಲಿ ಇರುತ್ತೇನೆ.

ದುಡ್ಡು ಸಾಲದೆ ಹೋದರೆ ಎಲ್ಲವನ್ನೂ ಒಟ್ಟಿಗೆ ತರಬೇಡಿ. ಹೈ-ಹ್ಯಾಟ್ ಮೊದಲು, ರೈಡ್ ಆಮೇಲೆ, ಕ್ರ್ಯಾಶ್ ಕೊನೆಗೆ. ಹೈ-ಹ್ಯಾಟ್ ಮೇಲೆ ಕೈ ಇಡೀ ದಿನ ಇರುತ್ತದೆ, ಕ್ರ್ಯಾಶ್ ಹಾಡಿಗೆ ನಾಲ್ಕಾರು ಸಲ. ಹೈ-ಹ್ಯಾಟ್ ಅಂದರೆ 14 ಇಂಚಿನ ಎರಡು ತಾಳ, ಕಾಲಿನಿಂದ ಮುಚ್ಚಿ ತೆರೆಯುವುದು. ಸಾಮಾನ್ಯವಾಗಿ ಕೆಳಗಿನದು ಭಾರ, ಮೇಲಿನದು ಹಗುರ. ಹೆಸರಿಲ್ಲದ ಕಂಪನಿಯದನ್ನು ತರುವಾಗ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಜೋಡಿ ಅಂತ ಡಬ್ಬಿಯಲ್ಲಿ ಇಟ್ಟದ್ದು ನಿಜವಾಗಿ ಜೋಡಿಯೋ, ಇಲ್ಲ ಕೈಗೆ ಸಿಕ್ಕ ಎರಡನ್ನು ಸೇರಿಸಿದ್ದೋ? ಕಾಲಿನಿಂದ ಮುಚ್ಚಿದಾಗ 'ಚಿಕ್' ಅಂತ ಕಟ್ಟಾಗಿ ಕೇಳಬೇಕು. ಎರಡರ ಅಂಚೂ ತೀರ ಸಮನಾಗಿ ಕೂತರೆ ನಡುವೆ ಗಾಳಿ ಸಿಕ್ಕಿ ಆ ಚಿಕ್ ಉಸಿರು ಕಟ್ಟಿದಂತೆ ಬರುತ್ತದೆ. ಗಾಳಿ ಹೋಗಲಿ ಅಂತಲೇ ಕೆಲವರು ಕೆಳಗಿನ ತಾಳಕ್ಕೆ ತೂತು ಕೊರೆಯುತ್ತಾರೆ, ಕೆಲವರು ಅಂಚನ್ನು ಅಲೆಅಲೆಯಾಗಿ ಬಗ್ಗಿಸುತ್ತಾರೆ. ಅಂಗಡಿಯಲ್ಲಿ ಅದೇ ಕಂಪನಿಯ ಮೂರು ಜೋಡಿ ಇದ್ದರೆ ಮೇಲು ಕೆಳಗು ಅದಲುಬದಲು ಮಾಡಿ ಕೇಳಲಿ. ಕೈಯಿಂದ ತಟ್ಟಿದ ತಾಳಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಕಂಪನಿ ಚೆನ್ನಾಗಿದೆ ಅನ್ನುವ ಮಾತಿಗೆ ಅರ್ಥ ಕಮ್ಮಿ. ಈ ತಾಳ ಚೆನ್ನಾಗಿದೆ, ಆ ತಾಳ ಬೇಡ, ಅಷ್ಟೇ. ಹಾಗಾಗಿ ಮೊಬೈಲಿನಲ್ಲಿ ವಿಡಿಯೋ ಕೇಳಿ ಪಾರ್ಸೆಲ್ ತರಿಸುವುದು ನನಗೆ ಸರಿ ಕಾಣುವುದಿಲ್ಲ. ಆ ವಿಡಿಯೋದಲ್ಲಿ ಕೇಳಿದ ತಾಳ ನಿಮ್ಮ ಮನೆಗೆ ಬರುವುದಿಲ್ಲ, ಅದರ ತಮ್ಮ ಬರುತ್ತಾನೆ.

ಯಜಮಾನರ ಮಾತಿನಲ್ಲೂ ಹುರುಳಿದೆ, ಅದನ್ನು ಮುಚ್ಚಿಡುವುದು ನ್ಯಾಯ ಅಲ್ಲ. ಹೆಸರಿನ ತಾಳವನ್ನು ನಾಳೆ ಮಾರಿದರೆ ಒಳ್ಳೆಯ ಬೆಲೆ ಹುಟ್ಟುತ್ತದೆ, ಹೆಸರಿಲ್ಲದ್ದಕ್ಕೆ ಹುಟ್ಟುವುದಿಲ್ಲ. ಒಡೆದರೆ ಅದೇ ಜೋಡಿ ಮತ್ತೆ ಸಿಗುತ್ತದೆ ಅನ್ನುವ ಭರವಸೆಯೂ ಕಡಿಮೆ. ಅದಕ್ಕೆ ನನ್ನ ಉತ್ತರ ಒಂದೇ: ಮಾರುವ ಯೋಚನೆ ಇದ್ದವರು ಹೆಸರು ಕೊಳ್ಳಲಿ, ಬಾರಿಸುವ ಯೋಚನೆ ಇದ್ದವರು ನಾದ ಕೊಳ್ಳಲಿ. ಅವರಿಗೆ ಹೆಸರೇ ಬೇಕಾದರೆ ಇನ್ನೊಂದು ದಾರಿ ಉಂಟು, ಒಳ್ಳೆಯ ಕಂಪನಿಯ ಬಳಸಿದ ತಾಳ. ಕೊಳ್ಳುವಾಗ ಅಂಚಿನ ಸುತ್ತ ಉಗುರು ಓಡಿಸಿ ನೋಡಿ, ಎಲ್ಲಾದರೂ ತೊಡರಿದರೆ ಕೂದಲೆಳೆಯ ಬಿರುಕು ಇದೆ ಅಂತ ಅರ್ಥ. ನಡುವಿನ ತೂತು ದುಂಡಗಿರಬೇಕು. ಬೀಗದ ಕೈ ಹೋಗುವ ತೂತಿನ ಹಾಗೆ ಒಂದು ಕಡೆ ಸವೆದಿದ್ದರೆ, ಕಂಚು ಸ್ಟ್ಯಾಂಡಿನ ಕಬ್ಬಿಣಕ್ಕೆ ನೇರ ಉಜ್ಜಿ ಉಜ್ಜಿ ಹಾಗಾದದ್ದು, ಅದನ್ನು ಬಿಟ್ಟುಬಿಡಿ.

"ಮತ್ತ ಈ ಮನ್ಯಾಗ ಬಾರಸಿದ್ರ ಸುತ್ತಮುತ್ತಲಿನವ್ರು ಏನಂತಾರ್ರಿ? ನೀವು ಬಿಡ್ರಿ, ನೀವು ಖುಷಿ ಪಡತೀರಿ."

ಅಭ್ಯಾಸಕ್ಕೆ ಬೇರೆ ತಾಳ ಬರುತ್ತದೆ ಅಕ್ಕಾ, ಮೈತುಂಬ ಸಣ್ಣ ಸಣ್ಣ ತೂತು ಇರುವುದು, ಜರಡಿಯೇ ನೋಡಿದ ಹಾಗೆ. ಕೋಲಿಗೆ ತಾಳದ ಅನುಭವ ಸಿಗುತ್ತದೆ, ದನಿ ಮಾತ್ರ ಬಹಳ ಸಣ್ಣದು. ಇದರಲ್ಲಂತೂ ಹೆಸರಿಗೆ ದುಡ್ಡು ಕೊಡಲೇಬೇಡಿ. ಅದು ನಾದಕ್ಕಾಗಿ ತರುವ ವಸ್ತುವೇ ಅಲ್ಲ, ಬೆರಳು ಮಣಿಕಟ್ಟಿನ ಸಾಧನೆಗೆ ತರುವುದು. ಕಂಚಿನದ್ದನ್ನು ರಜೆಯ ದಿನ ಮಧ್ಯಾಹ್ನ ಬಾರಿಸಲಿ, ಆಚೆ ಮನೆಯ ಅಜ್ಜಿಗೆ ನಾನೇ ಹೇಳುತ್ತೇನೆ.

ಒಂದು ಮಾತು ಮರೆಯುವ ಮೊದಲು. ನಮ್ಮಲ್ಲಿ ಕಂಚು, ಹಿತ್ತಾಳೆ ಅಂದರೆ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ. ದೀಪ ತಿಕ್ಕಿದ ಹಾಗೆ ಇದನ್ನು ತಿಕ್ಕಬೇಡಿ. ಅಚ್ಚೊತ್ತಿದ ಹೆಸರು ಅಳಿಸಿಹೋಗುವುದು ದೊಡ್ಡದಲ್ಲ, ವರ್ಷಗಟ್ಟಲೆ ಕೂತ ಕಪ್ಪು ಪೊರೆ ನಾದವನ್ನು ಸ್ವಲ್ಪ ಮೃದು ಮಾಡಿರುತ್ತದೆ, ಅದು ಹೋಗುತ್ತದೆ. ಎಷ್ಟೋ ಡ್ರಮ್ಮರುಗಳು ಆ ಪೊರೆಗೆಂದೇ ಹಳೆಯ ತಾಳ ಹುಡುಕುತ್ತಾರೆ. ಬಾರಿಸಿದ ಮೇಲೆ ಬೆವರಿನ ಕೈಗುರುತನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಖಾಡಿಯ ಕಡೆಯ ಗಾಳಿ ತೇವ, ಆಗ ಒದ್ದೆ ಚೀಲದಲ್ಲಿ ಬಿಡಬಾರದು. ಇನ್ನೇನು, ಲೋಕಲಿನಲ್ಲಿ ಒಯ್ಯುವಾಗ ಒಂದರ ಮೇಲೆ ಒಂದು ಹಾಗೇ ಇಡದೆ ನಡುವೆ ಹಳೆಯ ಟವೆಲ್ ಹಾಕಲಿ. ಗರ್ದಿಯಲ್ಲಿ ಚೀಲ ಅಂಚಿನ ಮೇಲೆ ಬಿದ್ದರೆ ಅಲ್ಲಿಂದಲೇ ಬಿರುಕು ಶುರು. ಬಜೆಟ್ಟಿನಲ್ಲಿ ಒಂದು ಪಾಲನ್ನು ಗಟ್ಟಿ ಸ್ಟ್ಯಾಂಡಿಗೆ, ಫೆಲ್ಟಿಗೆ, ನಡುವೆ ಹಾಕುವ ಪ್ಲಾಸ್ಟಿಕ್ ಕೊಳವೆಗೆ ಎತ್ತಿಡಿ. ಫೆಲ್ಟ್ ತುಂಡು ಚಿಕ್ಕ ಸಾಮಾನು, ಅದಿಲ್ಲದೆ ದೊಡ್ಡ ತಾಳ ಹಾಳು.

"ಹಂಗಾರ ಎಲ್ಲಿ ಹೋಗೂಣ್ರಿ ನೋಡಾಕ?"

ಧೋಬಿ ತಲಾವ್ ಕಡೆ ಹೋಗೋಣ. ಅಲ್ಲಿ ಫರ್ಟಾಡೋಸ್ ಉಂಟು, 1865ರಿಂದ ನಡೆದುಬಂದ ಅಂಗಡಿ. ಅಲ್ಲಿ ಮೊದಲು ಹೆಸರಿನ ತಾಳಗಳನ್ನೇ ಕೇಳಿ. ದೊಡ್ಡವರ ಒಳ್ಳೆಯ ತಾಳ ಹೇಗೆ ನುಡಿಯುತ್ತದೆ ಅನ್ನುವುದು ಕಿವಿಯಲ್ಲಿ ಕೂರಬೇಕು, ಅಳತೆಗೋಲು ಇಲ್ಲದೆ ಚಿಕ್ಕವರದನ್ನು ಅಳೆಯುವುದು ಹೇಗೆ? ಆಮೇಲೆ ಸುತ್ತಮುತ್ತ, ಕಾಳಬಾದೇವಿ ತನಕ ವಾದ್ಯದ ಅಂಗಡಿಗಳನ್ನು ಕೇಳುತ್ತಾ ಹೋಗೋಣ. ಮೀರತ್‌ನ ಜಲಿ ಕೋಠಿಯವರ ಕೆಲಸವೂ ಸಿಕ್ಕಿದರೆ ನೋಡೋಣ. ಬ್ಯಾಂಡಿನ ವಾದ್ಯಕ್ಕೆ ಇಡೀ ದೇಶಕ್ಕೆ ಹೆಸರಾದ ಬೀದಿ ಅದು, 1885ರಷ್ಟು ಹಳೆಯ ನಾದಿರ್ ಅಲಿ ಕಂಪನಿ ಇರುವುದು ಅಲ್ಲೇ. ಡ್ರಮ್ ಕಿಟ್ಟಿಗೆ ಬೇಕಾದ ತೆಳು ತಾಳ ಅಲ್ಲಿಯದು ಸಿಗದಿದ್ದರೂ ಮೆರವಣಿಗೆಯ ಜೋಡಿ ತಾಳ ಹೇಗಿರುತ್ತದೆ ಅಂತ ಮಗಳಿಗೆ ತೋರಿಸಿದ ಹಾಗಾಗುತ್ತದೆ. ಒಂದೇ ದಿನಕ್ಕೆ ಕೊಂಡೇ ಬರಬೇಕು ಅನ್ನುವ ಹಟ ಬೇಡ. ಕಿವಿ ಬೇಗ ದಣಿಯುತ್ತದೆ. ಏಳೆಂಟು ತಾಳ ಕೇಳಿದ ಮೇಲೆ ಎಲ್ಲವೂ ಒಂದೇ ಅನ್ನಿಸತೊಡಗುತ್ತದೆ. ಆಗ ಹೊರಗೆ ಬಂದು ಚಹಾ ಕುಡಿದು, ಮತ್ತೆ ಒಳಗೆ ಹೋಗಬೇಕು.

"ಮತ್ತ ಈ ಆಯ್ತಾರ ಹೋಗೂಣೇನ್ರಿ? ಅವರಪ್ಪನೂ ಮನ್ಯಾಗ ಇರತಾರ."

ಭಾನುವಾರ ಬೇಡ ಅಕ್ಕಾ, ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಫಾಸ್ಟ್ ಗಾಡಿಯೂ ಸ್ಲೋ ಹಳಿಯಲ್ಲಿ ತೆವಳುತ್ತದೆ, ಆ ಕಡೆಯ ಅಂಗಡಿಗಳಲ್ಲೂ ಅರ್ಧ ಮುಚ್ಚಿರುತ್ತವೆ. ಶನಿವಾರ ಕಚೇರಿ ಗರ್ದಿ ಇಳಿದ ಮೇಲೆ ಹೊರಡೋಣ. ಯಜಮಾನರಿಗೆ ಅರ್ಧ ದಿನ ರಜೆ ಹಾಕಲು ಹೇಳಿ, ಅವರೂ ಬರಲಿ. ದೂರ ನಿಂತು ಕೇಳಲು ಇಬ್ಬರು ಬೇಕು.